ಇಂಗಾಲದ ಜಮಾಖರ್ಚು

೧

ಕಸದಿಂದ ರಸ ತೆಗೆಯುವುದು ನಮ್ಮ ನಾಡಿನ ಒಕ್ಕಲಿಗನಿಗೆ ಹೊಸ ವಿದ್ಯೆಯಲ್ಲ. ಮಂಡ್ಯ ಸೀಮೆಯ ಆಲೆಮನೆಗಳನ್ನು ಬಾಲ್ಯದಲ್ಲಿ ಕಂಡವರಿಗೆ ಇದನ್ನು ವಿವರಿಸಿ ಹೇಳಬೇಕಾದ ಅಗತ್ಯವಿಲ್ಲ. ಗಾಣದಿಂದ ಹೊರಬಿದ್ದ ರಚ್ಚನ್ನು ಬಿಸಿಲಿಗೆ ಹರವಿ ಒಣಗಿಸುವರು. ಅದನ್ನೇ ಒಲೆಯ ಬಾಯಿಗೆ ಉರುವಲಾಗಿ ತುಂಬುವರು. ಆ ಬೆಂಕಿಯಿಂದಲೇ ಅದೇ ಕಬ್ಬಿನ ಹಾಲು ಕೊಪ್ಪರಿಗೆಯಲ್ಲಿ ಕುದಿದು ಬೆಲ್ಲವಾಗುವುದು. ಹೊರಗಿನಿಂದ ಸೌದೆ ತರಬೇಕಾಗಿಲ್ಲ; ಒಳಗಿನದನ್ನು ಹೊರಗೆ ಚೆಲ್ಲಬೇಕಾಗಿಯೂ ಇಲ್ಲ. ಈ ಮಿತವ್ಯಯಕ್ಕಾಗಿ ನಮ್ಮ ಹಿರಿಯರು ಯಾವ ಪ್ರಮಾಣಪತ್ರವನ್ನೂ ಬೇಡಲಿಲ್ಲ. ಯಾರೂ ಕೊಡಲೂ ಇಲ್ಲ.

ಆದರೆ ೨೦೦೫ನೆಯ ಇಸವಿಯಿಂದ ಮೊದಲುಗೊಂಡು ಸುಮಾರು ಏಳೆಂಟು ವರ್ಷಗಳ ಕಾಲ ಇಂತಹ ಮಿತವ್ಯಯಕ್ಕೆ ಜಗತ್ತಿನ ಪೇಟೆಯಲ್ಲಿ ಒಂದು ಬೆಲೆಯುಂಟಾಯಿತು. ಕಾರ್ಖಾನೆಯ ಕಸವನ್ನು ವಿದ್ಯುತ್ತಾಗಿ ಮಾರ್ಪಡಿಸಿದರೆ, ಆ ವಿದ್ಯುತ್ತಿಗೆ ಒಂದು ಬೆಲೆ. ಅದರಿಂದಾಗಿ ಬೇರೆಲ್ಲಿಯೋ ಉರಿಯದೆ ಉಳಿದ ಕಲ್ಲಿದ್ದಲಿಗೆ, ಏಳದೆ ಹೋದ ಹೊಗೆಗೆ, ಇನ್ನೊಂದು ಬೆಲೆ. ಈ ಎರಡನೆಯ ಬೆಲೆಯನ್ನು ಪತ್ರರೂಪದಲ್ಲಿ ಪಡೆದು ಯೂರೋಪಿನ ಕಂಪೆನಿಗಳಿಗೆ ಮಾರಬಹುದಾಗಿತ್ತು. ಅದನ್ನೇ ಜನರು ಇಂಗಾಲದ ಜಮೆ, ಕಾರ್ಬನ್ ಕ್ರೆಡಿಟ್, ಎಂದು ಕರೆದರು. ಇಲ್ಲದ ವಸ್ತುವನ್ನು ಅಳೆದು ಮಾರುವ ಈ ವ್ಯಾಪಾರವು ವಾಣಿಜ್ಯದ ಇತಿಹಾಸದಲ್ಲಿಯೇ ಒಂದು ವಿಲಕ್ಷಣ ಅಧ್ಯಾಯ. ಅದರ ಹುಟ್ಟು, ಏಳಿಗೆ, ಪತನಗಳನ್ನು ಸಂಗ್ರಹವಾಗಿ ನಿರೂಪಿಸಿ, ಅದರಿಂದ ನಮಗೆ ಸಿಗುವ ಪಾಠವೇನೆಂಬುದನ್ನು ವಿಚಾರಿಸುವುದು ಪ್ರಕೃತ ಲೇಖನದ ಉದ್ದೇಶ. ಬ್ಯಾಂಕಿನ ಸಾಲವಿಭಾಗದಲ್ಲಿ ಕುಳಿತು ಈ ವ್ಯಾಪಾರದ ಒಂದು ಮೂಲೆಯನ್ನು ಕಣ್ಣಾರೆ ಕಂಡವನಾದುದರಿಂದ, ಕೆಲವೆಡೆ ಸ್ವಾನುಭವದ ಮಾತೂ ಬಂದೀತು; ವಾಚಕರು ಮನ್ನಿಸಬೇಕು.

೨

ಹೊಗೆಯುಗುಳುವ ಹಕ್ಕನ್ನು ಕೊಳ್ಳಬಹುದು, ಮಾರಬಹುದು ಎಂಬ ವಿಚಾರವು ಅರ್ಥಶಾಸ್ತ್ರಜ್ಞರ ಬರವಣಿಗೆಯಲ್ಲಿ ಹುಟ್ಟಿದುದು. ರೊನಾಲ್ಡ್ ಕೋಸ್ ಎಂಬುವರು ೧೯೬೦ರಲ್ಲಿ ಬರೆದ ಪ್ರಬಂಧದಲ್ಲಿ ಇದರ ಬೀಜವಿದೆ. ಕೆನಡಾದ ಜೆ. ಎಚ್. ಡೇಲ್ಸ್ ಎಂಬುವರು ೧೯೬೮ರಲ್ಲಿ ಅದನ್ನು ಗ್ರಂಥರೂಪದಲ್ಲಿ ಪ್ರತಿಪಾದಿಸಿದರು. ಅಮೆರಿಕದ ಸಂಯುಕ್ತ ಸಂಸ್ಥಾನವು ೧೯೯೦ರಲ್ಲಿ ತನ್ನ ವಾಯುಶುದ್ಧಿಯ ಕಾನೂನನ್ನು ತಿದ್ದಿ, ವಿದ್ಯುದಾಗಾರಗಳ ಗಂಧಕದ ಹೊಗೆಗೆ ಈ ಪದ್ಧತಿಯನ್ನು ಅನ್ವಯಿಸಿತು. ಅದಕ್ಕೂ ಮೊದಲೇ, ೧೯೮೮ರಲ್ಲಿ, ಎ.ಇ.ಎಸ್. ಎಂಬ ಅಮೆರಿಕದ ವಿದ್ಯುತ್ ಕಂಪೆನಿಯು ಕನೆಟಿಕಟ್ ಪ್ರಾಂತದ ತನ್ನ ಕಲ್ಲಿದ್ದಲಿನ ಆಗಾರದ ಹೊಗೆಗೆ ಪರಿಹಾರವಾಗಿ ಗ್ವಾಟೆಮಾಲಾ ದೇಶದಲ್ಲಿ ಮರ ನೆಡಿಸುವ ಯೋಜನೆಗೆ ಹಣ ಕೊಟ್ಟಿತ್ತು. ಒಂದು ದೇಶದ ಖರ್ಚನ್ನು ಇನ್ನೊಂದು ದೇಶದ ಜಮೆಯಿಂದ ಸರಿದೂಗಿಸುವ ಪದ್ಧತಿಗೆ ಇದನ್ನು ಮೊದಲ ಉದಾಹರಣೆಯೆಂದು ಸಾಮಾನ್ಯವಾಗಿ ಹೇಳುತ್ತಾರೆ.

೧೯೯೨ರಲ್ಲಿ ರಿಯೋ ನಗರದಲ್ಲಿ ಹವಾಮಾನದ ಬಗೆಗೆ ರಾಷ್ಟ್ರಗಳ ಒಪ್ಪಂದಕ್ಕೆ ಸಹಿ ಬಿದ್ದಿತು. ಅಲ್ಲಿ ಎಲ್ಲ ರಾಷ್ಟ್ರಗಳ ಹೊಣೆಯೂ ಸಮಾನವೇ ಆದರೂ ಅದರ ಭಾರ ಬೇರೆ ಬೇರೆ ಎಂಬ ತತ್ತ್ವವು ಅಂಗೀಕೃತವಾಯಿತು. ಈ ತತ್ತ್ವದ ಹಿಂದೆ ನಮ್ಮ ದೇಶದ ಚಿಂತನೆಯ ಪಾಲೂ ಇತ್ತು. ದೆಹಲಿಯ ಅನಿಲ್ ಅಗರ್ವಾಲ್ ಮತ್ತು ಸುನೀತಾ ನಾರಾಯಣ್ ಅವರು ೧೯೯೧ರಲ್ಲಿ ಪ್ರಕಟಿಸಿದ ಒಂದು ಪುಸ್ತಿಕೆಯಲ್ಲಿ, ಗದ್ದೆಯಿಂದ ಏಳುವ ಅನಿಲವನ್ನೂ ಮೋಟಾರು ಬಂಡಿಯಿಂದ ಏಳುವ ಅನಿಲವನ್ನೂ ಒಂದೇ ತಕ್ಕಡಿಯಲ್ಲಿ ತೂಗುವುದು ನ್ಯಾಯವಲ್ಲವೆಂದು ವಾದಿಸಿದ್ದರು. ಬದುಕಿಗಾಗಿ ಏಳುವ ಹೊಗೆ ಬೇರೆ, ಭೋಗಕ್ಕಾಗಿ ಏಳುವ ಹೊಗೆ ಬೇರೆ ಎಂಬುದು ಅವರ ವಾದದ ಸಾರ.

ಇನ್ನು ನಮ್ಮ ವಿಷಯಕ್ಕೆ ನೇರವಾಗಿ ಸಂಬಂಧಿಸಿದ ಘಟ್ಟವೆಂದರೆ ೧೯೯೭ನೆಯ ಇಸವಿ. ಆ ವರ್ಷದ ನಡುವೆ ಬ್ರೆಜಿಲ್ ದೇಶವು ಒಂದು ಸೂಚನೆಯನ್ನು ಮುಂದಿಟ್ಟಿತು: ಶ್ರೀಮಂತ ರಾಷ್ಟ್ರಗಳು ತಮ್ಮ ಮಿತಿಯನ್ನು ಮೀರಿದರೆ ದಂಡ ತೆರಬೇಕು; ಆ ದಂಡದ ಹಣವು ಒಂದು ನಿಧಿಯಾಗಿ, ಬಡ ರಾಷ್ಟ್ರಗಳ ಶುದ್ಧ ಅಭಿವೃದ್ಧಿಗೆ ವಿನಿಯೋಗವಾಗಬೇಕು. ಅದೇ ವರ್ಷದ ಡಿಸೆಂಬರಿನಲ್ಲಿ ಜಪಾನಿನ ಕ್ಯೋಟೋ ನಗರದಲ್ಲಿ ಸಭೆ ಸೇರಿದಾಗ ಈ ಸೂಚನೆಯ ಹೆಸರು ಬಹುಮಟ್ಟಿಗೆ ಉಳಿದು, ಪ್ರಾಣವು ಬದಲಾಯಿತು. ನಿಧಿ ಹೋಗಿ ವ್ಯವಸ್ಥೆ ಬಂದಿತು. ದಂಡ ಹೋಗಿ ವ್ಯಾಪಾರ ಬಂದಿತು. ಮಿತಿಗೊಳಪಟ್ಟ ರಾಷ್ಟ್ರವು ಮಿತಿಯಿಲ್ಲದ ರಾಷ್ಟ್ರದಲ್ಲಿ ಹೊಗೆಯನ್ನು ಕಡಿಮೆ ಮಾಡಿಸಿ, ಆ ಕಡಿತವನ್ನು ತನ್ನ ಲೆಕ್ಕಕ್ಕೆ ಜಮೆ ಮಾಡಿಕೊಳ್ಳಬಹುದು ಎಂಬುದು ಕ್ಯೋಟೋ ಒಡಂಬಡಿಕೆಯ ಹನ್ನೆರಡನೆಯ ವಿಧಿ. ಅದರ ಹೆಸರೇ ಶುದ್ಧ ಅಭಿವೃದ್ಧಿ ವ್ಯವಸ್ಥೆ. ಪ್ರಾಯಶ್ಚಿತ್ತವಾಗಿ ಕಲ್ಪಿತವಾದುದು ಪೇಟೆಯಾಗಿ ಅವತರಿಸಿದ ಈ ಸಂದರ್ಭವನ್ನು ಇತಿಹಾಸಕಾರನು ಮರೆಯಲಾಗದು. ಮುಂದಿನ ಗುಣದೋಷಗಳೆಲ್ಲಕ್ಕೂ ಬೇರು ಇಲ್ಲಿಯೇ ಇದೆ.

೩

ಒಡಂಬಡಿಕೆಯಾದೊಡನೆಯೇ ವ್ಯಾಪಾರ ಮೊದಲಾಗಲಿಲ್ಲ. ೨೦೦೧ರ ಮಾರ್ಚಿಯಲ್ಲಿ ಅಮೆರಿಕವು ಹಿಂದೆ ಸರಿಯಿತು. ಅದೇ ವರ್ಷದ ನವೆಂಬರಿನಲ್ಲಿ ಮೊರಾಕ್ಕೋ ದೇಶದ ಮರ್ರಾಕೆಶ್ ನಗರದಲ್ಲಿ ವಿವರವಾದ ನಿಯಮಗಳು ಸಿದ್ಧವಾದುವು. ಭಾರತವು ೨೦೦೨ರ ಆಗಸ್ಟಿನಲ್ಲಿ ಒಡಂಬಡಿಕೆಗೆ ಸೇರಿತು. ರಷ್ಯಾದ ಅಂಗೀಕಾರ ದೊರೆತ ಮೇಲೆ ೨೦೦೫ರ ಫೆಬ್ರವರಿ ೧೬ರಂದು ಅದು ಜಾರಿಗೆ ಬಂದಿತು. ಅದೇ ವರ್ಷದ ಜನವರಿಯಿಂದ ಯೂರೋಪಿನ ಒಕ್ಕೂಟವು ತನ್ನ ಕಾರ್ಖಾನೆಗಳಿಗೆ ಹೊಗೆಯ ಮಿತಿಯನ್ನು ಹೇರಿ, ಹೊರದೇಶದ ಜಮೆಗಳನ್ನು ಒಪ್ಪಿಸಿ ಆ ಮಿತಿಯನ್ನು ಸರಿದೂಗಿಸಲು ಅವಕಾಶ ಕೊಟ್ಟಿತು. ಕೊಳ್ಳುವವರು ಹೀಗೆ ಹುಟ್ಟಿಕೊಂಡರು.

ಮಾರುವವರಲ್ಲಿ ಮೊದಲನೆಯದಾಗಿ ನೋಂದಾಯಿತವಾದ ಯೋಜನೆಯು ಕಸದ್ದೇ ಆಗಿದ್ದಿತೆಂಬುದು ಗಮನಾರ್ಹ. ಬ್ರೆಜಿಲಿನ ರಿಯೋ ನಗರದ ಬಳಿಯ ನೋವಾ ಇಗ್ವಾಸು ಎಂಬಲ್ಲಿ ಕಸದ ಗುಡ್ಡೆಗಳಿಂದ ಏಳುವ ಮೀಥೇನ್ ಅನಿಲವನ್ನು ಹಿಡಿದು ಬಳಸುವ ಯೋಜನೆಯು ೨೦೦೪ರ ನವೆಂಬರಿನಲ್ಲಿ ದಾಖಲೆಗೆ ಬಂದಿತು. ಜಮೆಯನ್ನು ಮೊದಲು ಕೈಗೆ ಪಡೆದವಾದರೋ ಹೊಂಡುರಾಸ್ ದೇಶದ ಎರಡು ಸಣ್ಣ ಜಲವಿದ್ಯುತ್ ಯೋಜನೆಗಳು. ಅದು ೨೦೦೫ರ ಅಕ್ಟೋಬರ್ ತಿಂಗಳು.

ಈ ಜಮೆಯ ಲೆಕ್ಕಾಚಾರವನ್ನು ಸ್ವಲ್ಪ ವಿವರಿಸಬೇಕು. ಒಂದು ಜಮೆಯೆಂದರೆ ಒಂದು ಟನ್ನು ಇಂಗಾಲದ ಡೈಆಕ್ಸೈಡು, ಅಥವಾ ಅದಕ್ಕೆ ಸಮನಾದಷ್ಟು ಬೇರೆ ಅನಿಲ. ಅಂದಿನ ಅಂಗೀಕೃತ ಕೋಷ್ಟಕದಂತೆ ಒಂದು ಟನ್ನು ಮೀಥೇನ್ ೨೧ ಟನ್ನು ಇಂಗಾಲದ ಡೈಆಕ್ಸೈಡಿಗೆ ಸಮ. ಯೋಜನೆಯ ಒಡೆಯನು ಎರಡು ಸಂಗತಿಗಳನ್ನು ಸಿದ್ಧಪಡಿಸಿ ತೋರಿಸಬೇಕು. ಮೊದಲನೆಯದು ಆಧಾರಸ್ಥಿತಿ: ಈ ಯೋಜನೆ ಇಲ್ಲದಿದ್ದರೆ ಎಷ್ಟು ಹೊಗೆ ಏಳುತ್ತಿತ್ತು? ಎರಡನೆಯದು ಹೆಚ್ಚುವರಿತನ: ಜಮೆಯ ಹಣದ ಆಸೆ ಇಲ್ಲದಿದ್ದರೆ ಈ ಯೋಜನೆಯೇ ಆಗುತ್ತಿರಲಿಲ್ಲವೆ? ಮನ್ನಣೆ ಪಡೆದ ಪರಿಶೋಧಕ ಸಂಸ್ಥೆಯೊಂದು ಇವನ್ನು ಪರೀಕ್ಷಿಸುವುದು; ಆತಿಥೇಯ ದೇಶದ ಸರ್ಕಾರವು ಒಪ್ಪಿಗೆ ಕೊಡುವುದು; ಕೊನೆಗೆ ಜರ್ಮನಿಯ ಬಾನ್ ನಗರದ ಕಾರ್ಯಾಲಯವನ್ನು ಅವಲಂಬಿಸಿದ ಕಾರ್ಯಕಾರಿ ಮಂಡಲಿಯು ನೋಂದಾಯಿಸುವುದು. ನೀಡಿದ ಜಮೆಗಳಲ್ಲಿ ನೂರಕ್ಕೆ ಎರಡರಷ್ಟನ್ನು ಹವಾಮಾನದ ಬಾಧೆಗೆ ಸಿಕ್ಕಿದ ದೇಶಗಳ ನೆರವಿನ ನಿಧಿಗೆ ಹಿಡಿದುಕೊಳ್ಳಲಾಗುತ್ತಿತ್ತು. ತೀರ ಹಿಂದುಳಿದ ದೇಶಗಳ ಯೋಜನೆಗಳಿಗೆ ಮಾತ್ರ ಈ ಹಿಡಿತವಿರಲಿಲ್ಲ.

ಲೆಕ್ಕಶಾಸ್ತ್ರವನ್ನು ಬಲ್ಲ ವಾಚಕರು ಇಲ್ಲಿಯೇ ಒಂದು ವಿಚಿತ್ರವನ್ನು ಕಾಣುವರು. ನಮ್ಮ ಜಮಾಖರ್ಚಿನ ಪುಸ್ತಕದಲ್ಲಿ ನಡೆದ ವ್ಯವಹಾರವನ್ನು ಮಾತ್ರ ಬರೆಯುತ್ತೇವೆ. ಈ ಪುಸ್ತಕದಲ್ಲಾದರೋ ನಡೆಯದಿದ್ದುದನ್ನು ಬರೆಯಬೇಕು. ಕೊಟ್ಟವನ ಹತ್ತಿರ ಸಾಮಾನಿಲ್ಲ, ಕೊಂಡವನು ಸಾಮಾನನ್ನು ಒಯ್ಯುವುದಿಲ್ಲ. ಲೆಕ್ಕವು ಉತ್ಪ್ರೇಕ್ಷೆಯಾದರೆ ಕೊಳ್ಳುವವನಿಗೆ ನಷ್ಟವಿಲ್ಲ, ಮಾರುವವನಿಗೆ ಲಾಭವಿದೆ. ನಷ್ಟವಾಗುವುದು ಇಬ್ಬರಿಗೂ ಹೊರಗಿನ ಗಾಳಿಗೆ. ಗಾಳಿಯು ದೂರು ಕೊಡುವುದಿಲ್ಲ.

೪

ನಮ್ಮ ದೇಶದಲ್ಲಿ ಈ ವ್ಯವಸ್ಥೆಯು ಬಹು ಬೇಗ ಬೇರೂರಿತು. ನೋಂದಾಯಿತ ಯೋಜನೆಗಳ ಸಂಖ್ಯೆಯಲ್ಲಿ ಚೀನವನ್ನು ಬಿಟ್ಟರೆ ಭಾರತದ್ದೇ ಎರಡನೆಯ ಸ್ಥಾನ. ಜಗತ್ತಿನಲ್ಲಿ ಒಟ್ಟು ೭,೮೦೦ಕ್ಕೂ ಹೆಚ್ಚು ಯೋಜನೆಗಳು ದಾಖಲಾದುವು. ಅವುಗಳಿಂದ ಹೊರಟ ಜಮೆಗಳು ೨೦೦ ಕೋಟಿಗೂ ಮೀರಿದುವು. ಕರ್ನಾಟಕಕ್ಕೂ ಈ ಕಥೆಯಲ್ಲಿ ನಿಜವಾದ ಪಾತ್ರವಿದೆ.

ಸಕ್ಕರೆಯ ಕಾರ್ಖಾನೆಗಳನ್ನೇ ಮೊದಲು ತೆಗೆದುಕೊಳ್ಳೋಣ. ಅರೆದ ಕಬ್ಬಿನ ತೂಕದಲ್ಲಿ ನೂರಕ್ಕೆ ಮೂವತ್ತರಷ್ಟು ಸಿಪ್ಪೆಯಾಗಿ ಹೊರಬೀಳುತ್ತದೆ. ಅದರಲ್ಲಿ ಅರ್ಧದಷ್ಟು ನೀರು. ಹಳೆಯ ಕಾರ್ಖಾನೆಗಳಲ್ಲಿ ಚದರ ಸೆಂಟಿಮೀಟರಿಗೆ ೨೧ ಕಿಲೋಗ್ರಾಮ್ ಒತ್ತಡದ ಬಾಯ್ಲರುಗಳಿದ್ದುವು. ಆ ಕಾಲದಲ್ಲಿ ಹೆಚ್ಚು ಆವಿ ತೆಗೆಯುವ ಆಸೆ ಯಾರಿಗೂ ಇರಲಿಲ್ಲ. ಸಿಪ್ಪೆಯ ರಾಶಿ ಕರಗಿದರೆ ಸಾಕಾಗಿತ್ತು. ಬಾಯ್ಲರಿನ ಒತ್ತಡವನ್ನು ೬೭ಕ್ಕೋ ೮೭ಕ್ಕೋ ಏರಿಸಿದರೆ ಅದೇ ಸಿಪ್ಪೆಯಿಂದ ಕಾರ್ಖಾನೆಯ ಅಗತ್ಯ ತೀರಿ, ಮಾರುವಷ್ಟು ವಿದ್ಯುತ್ತೂ ಉಳಿಯುವುದು. ೧೯೯೦ರ ದಶಕದಿಂದಲೇ ಕೇಂದ್ರ ಸರ್ಕಾರವು ಇದಕ್ಕೆ ಪ್ರೋತ್ಸಾಹ ಕೊಟ್ಟಿತ್ತು. ಕ್ಯೋಟೋ ಒಡಂಬಡಿಕೆ ಜಾರಿಗೆ ಬಂದ ಮೇಲೆ ದೇಶದ ಅನೇಕ ಸಕ್ಕರೆ ಕಾರ್ಖಾನೆಗಳು, ಕರ್ನಾಟಕದವೂ ಸೇರಿ, ಇಂಗಾಲದ ಜಮೆಗಾಗಿ ಅರ್ಜಿ ಹಾಕಿದುವು. ಬ್ರೆಜಿಲಿನ ಸಾವೋ ಪಾಲೋ ಪ್ರಾಂತದ ಗಿರಣಿಗಳೂ ಇದೇ ದಾರಿ ಹಿಡಿದುವು.

ಎರಡನೆಯ ಉದಾಹರಣೆ ಬಳ್ಳಾರಿ ಸೀಮೆಯ ತೋರಣಗಲ್ಲಿನದು. ಅಲ್ಲಿಯ ಉಕ್ಕಿನ ಕಾರ್ಖಾನೆಯಲ್ಲಿ ಊದುಕುಲುಮೆಯಿಂದಲೂ ಕೊರೆಕ್ಸ್ ಎಂಬ ಕುಲುಮೆಯಿಂದಲೂ ಹೊರಬರುವ ಅನಿಲದಲ್ಲಿ ಇನ್ನೂ ಉರಿಯಬಲ್ಲ ಅಂಶ ಉಳಿದಿರುತ್ತದೆ. ಅದನ್ನು ಸುಮ್ಮನೆ ಸುಟ್ಟು ಆಕಾಶಕ್ಕೆ ಬಿಡುವುದಕ್ಕೆ ಬದಲಾಗಿ ಬಾಯ್ಲರಿಗೆ ಹಾಯಿಸಿ ವಿದ್ಯುತ್ತು ತಯಾರಿಸುವ ಯೋಜನೆಗಳು ಈ ವ್ಯವಸ್ಥೆಯಲ್ಲಿ ನೋಂದಾಯಿತವಾದುವು. ಇಂಗಾಲದ ವ್ಯಾಪಾರದಲ್ಲಿ ಉಕ್ಕು, ಸಿಮೆಂಟು ಮುಂತಾದ ಭಾರಿ ಕೈಗಾರಿಕೆಗಳ ವ್ಯರ್ಥ ಅನಿಲ ಮತ್ತು ವ್ಯರ್ಥ ಶಾಖಗಳಿಗೆ ಒಂದು ಪ್ರತ್ಯೇಕ ಲೆಕ್ಕಪದ್ಧತಿಯೇ ಏರ್ಪಟ್ಟಿತು. ಚೀನದಲ್ಲಿ ಸಿಮೆಂಟಿನ ಗೂಡುಗಳ ಬಿಸಿಗಾಳಿಯಿಂದ ವಿದ್ಯುತ್ತು ತೆಗೆಯುವ ಯೋಜನೆಗಳು ಹೀಗೆಯೇ ಬಹು ಸಂಖ್ಯೆಯಲ್ಲಿ ಬಂದುವು.

ಮೂರನೆಯದು ಸಣ್ಣದಾದರೂ ಗಮನಿಸತಕ್ಕದ್ದು. ಮಂಡ್ಯ ಜಿಲ್ಲೆಯ ಮಳವಳ್ಳಿಯಲ್ಲಿ ನಾಲ್ಕೂವರೆ ಮೆಗಾವಾಟಿನ ಆಗಾರವೊಂದು ಕಬ್ಬಿನ ತರಗು, ತೆಂಗಿನ ಗರಿ ಮೊದಲಾದ ಹೊಲದ ಕಸವನ್ನು ರೈತರಿಂದ ಕೊಂಡು ಉರಿಸಿ ವಿದ್ಯುತ್ತು ಮಾಡಿತು. ಹೊಲದಲ್ಲಿಯೇ ಬೆಂಕಿ ಹಚ್ಚಿ ಕಳೆದುಬಿಡುತ್ತಿದ್ದ ಪದಾರ್ಥಕ್ಕೆ ಅಲ್ಲಿ ತೂಕವೂ ಬೆಲೆಯೂ ಬಂದುವು. ಇದರ ಜೊತೆಗೆ, ಕೈಗಾರಿಕೆಯದಲ್ಲದಿದ್ದರೂ, ಬಾಗೇಪಲ್ಲಿಯ ಹೆಸರನ್ನು ಹೇಳದೆ ಬಿಡಲಾಗದು. ಅಲ್ಲಿಯ ಕೂಲಿಕಾರರ ಸಂಘವು ೫,೫೦೦ ಮನೆಗಳಿಗೆ ಸಗಣಿ ಅನಿಲದ ಒಲೆಗಳನ್ನು ಕಟ್ಟಿಸುವ ಯೋಜನೆಯನ್ನು ೨೦೦೫ರ ಡಿಸೆಂಬರಿನಲ್ಲಿ ನೋಂದಾಯಿಸಿತು. ವರ್ಷಕ್ಕೆ ಸುಮಾರು ೧೯,೫೦೦ ಟನ್ನಿನ ಕಡಿತವೆಂದು ಅದರ ಅಂದಾಜು. ಒಂದು ಮನೆಗೆ ಮೂರೂವರೆ ಟನ್ನು. ಆ ಜಮೆಯ ಹಿಂದೆ ಹೊಗೆಯಿಲ್ಲದ ಅಡಿಗೆಮನೆಯೂ ಸೌದೆಯ ಹೊರೆಯಿಳಿದ ಹೆಂಗಸಿನ ಬೆನ್ನೂ ಇದ್ದುವು. ಈ ಅಂಕಿಯನ್ನು ವಾಚಕರು ನೆನಪಿನಲ್ಲಿಟ್ಟುಕೊಳ್ಳಬೇಕೆಂದು ಪ್ರಾರ್ಥನೆ. ಮುಂದೆ ಹೋಲಿಕೆಗೆ ಬೇಕಾಗುವುದು.

೫

ಈಗ ಒಂದು ಲೆಕ್ಕವನ್ನು ಮಾಡಿ ನೋಡೋಣ. ಇದು ಯಾವ ಒಂದು ಕಾರ್ಖಾನೆಯದೂ ಅಲ್ಲ, ಉದಾಹರಣೆಗಾಗಿ ಕಲ್ಪಿಸಿದ್ದು. ಒಂದು ಸಕ್ಕರೆ ಕಾರ್ಖಾನೆಯು ಹಂಗಾಮಿನ ೧೫೦ ದಿನ ಹತ್ತು ಮೆಗಾವಾಟಿನಂತೆ ವಿದ್ಯುತ್ತನ್ನು ಹೊರಗೆ ಮಾರಿತೆನ್ನೋಣ. ಅದು ೩೬,೦೦೦ ಮೆಗಾವಾಟ್ ಗಂಟೆ, ಎಂದರೆ ಮೂರು ಕೋಟಿ ಅರವತ್ತು ಲಕ್ಷ ಯೂನಿಟ್ಟು. ನಮ್ಮ ದೇಶದ ವಿದ್ಯುತ್ತಿನ ಬಹುಪಾಲು ಕಲ್ಲಿದ್ದಲಿನಿಂದಲೇ ಬರುವುದರಿಂದ, ಒಂದು ಮೆಗಾವಾಟ್ ಗಂಟೆಗೆ ಸ್ಥೂಲವಾಗಿ ೦.೮ ಟನ್ನು ಇಂಗಾಲದ ಡೈಆಕ್ಸೈಡು ತಪ್ಪಿತೆಂದು ಹಿಡಿದರೆ, ಜಮೆಯು ೨೮,೮೦೦. ಒಂದಕ್ಕೆ ಹತ್ತು ಯೂರೋ, ಒಂದು ಯೂರೋಗೆ ಅರವತ್ತು ರೂಪಾಯಿ ಎಂದರೆ ಸುಮಾರು ಒಂದು ಕೋಟಿ ಎಪ್ಪತ್ತೆರಡು ಲಕ್ಷ ರೂಪಾಯಿ. ಅದೇ ವಿದ್ಯುತ್ತನ್ನು ಯೂನಿಟ್ಟಿಗೆ ಮೂರು ರೂಪಾಯಿಯಂತೆ ಮಾರಿದರೆ ಬರುವುದು ಹತ್ತು ಕೋಟಿ ಎಂಬತ್ತು ಲಕ್ಷ. ಎಂದರೆ ಜಮೆಯ ಹಣವು ವಿದ್ಯುತ್ತಿನ ಹಣದ ಆರನೆಯ ಒಂದು ಪಾಲಿಗೂ ಸ್ವಲ್ಪ ಕಡಿಮೆ. ಬೆಲ್ಲದ ಮೇಲಿನ ತುಪ್ಪದಂತೆ ಅದು ರುಚಿಕರವೇ ಹೌದು. ಆದರೆ ಅದೊಂದಿಲ್ಲದಿದ್ದರೆ ಊಟವೇ ಆಗುತ್ತಿರಲಿಲ್ಲವೆಂದು ಹೇಳಲು ಸಾಧ್ಯವೆ? ಕೆಲವೆಡೆ ಸಾಧ್ಯ, ಬಹಳೆಡೆ ಕಷ್ಟ. ಹೆಚ್ಚುವರಿತನದ ಪ್ರಶ್ನೆಯೆಲ್ಲ ಈ ಆರನೆಯ ಒಂದು ಪಾಲಿನ ಸುತ್ತ ತಿರುಗುತ್ತದೆ.

೨೦೦೮ರ ಮಾತು. ಆಗ ನಾನು ಮುಂಬಯಿಯಲ್ಲಿ ಸಾಲವಿಭಾಗದ ಕಿರಿಯ ಅಧಿಕಾರಿ. ಕೃಷ್ಣೆಯ ದಂಡೆಯ ಒಂದು ಸಕ್ಕರೆ ಕಾರ್ಖಾನೆಯ ಸಾಲದ ಅರ್ಜಿ ನನ್ನ ಮೇಜಿಗೆ ಬಂದಿತು. ಯೋಜನಾ ವರದಿಯು ಸೊಗಸಾಗಿತ್ತು: ಸಿಪ್ಪೆ ಅಗ್ಗ, ಹಂಗಾಮು ದೀರ್ಘ, ವಿದ್ಯುತ್ತಿಗೆ ಖಚಿತವಾದ ಗಿರಾಕಿ, ಸಾಲದ ಕಂತುಗಳು ಸುಲಭವಾಗಿ ತೀರುವುವು, ಇಂಗಾಲದ ಆದಾಯವನ್ನು ಲೆಕ್ಕಕ್ಕೇ ಹಿಡಿದಿಲ್ಲ ಎಂದು ಒಂದು ಟಿಪ್ಪಣಿಯೂ ಇತ್ತು. ಅದೇ ಕಡತದಲ್ಲಿ, ತಪ್ಪಿ ಸೇರಿಕೊಂಡಂತೆ, ಇನ್ನೊಂದು ದಾಖಲೆಯಿತ್ತು. ಅದು ಪರಿಶೋಧಕರಿಗೆ ಕಳುಹಿಸಿದುದು. ಅದರಲ್ಲಿ ಸಿಪ್ಪೆ ದುಬಾರಿ, ಹಂಗಾಮು ಕಿರಿದು, ಗಿರಾಕಿ ಅನಿಶ್ಚಿತ; ಜಮೆಯ ಹಣ ಬಾರದಿದ್ದರೆ ಯೋಜನೆ ಮುಳುಗುವುದು ಎಂದಿತ್ತು. ಒಂದೇ ಸಿಪ್ಪೆಗೆ ಎರಡು ಬೆಲೆ. ಕಾಗದಪತ್ರ ಹಿಡಿದು ಬಂದಿದ್ದ ಕಾರ್ಖಾನೆಯ ಲೆಕ್ಕಿಗರನ್ನು ಕೇಳಿದೆ. ಹಿರಿಯರು, ಸರಳ ಸ್ವಭಾವದವರು. ಏನೂ ಮುಚ್ಚಿಡದೆ ಹೇಳಿದರು: “ಅದು ಬ್ಯಾಂಕಿಗೆ ಕೊಡೂ ಲೆಕ್ಕ ರೀ ಸಾಹೇಬರ, ಇದು ಬಾನ್‌ನವರಿಗೆ.”

ನಾನು ಮೇಲಧಿಕಾರಿಗಳ ಬಳಿ ವಿಷಯ ಪ್ರಸ್ತಾಪಿಸಿದೆ. ನಮ್ಮ ಮುಂದಿರುವ ಲೆಕ್ಕ ಸರಿಯಾಗಿದೆಯೆ, ಅದನ್ನು ನೋಡಿ. ಇನ್ನೊಬ್ಬರ ಲೆಕ್ಕ ನಮ್ಮ ಕೆಲಸವಲ್ಲ ಎಂದರು. ಬ್ಯಾಂಕಿನ ದೃಷ್ಟಿಯಿಂದ ಅದು ತಪ್ಪು ಮಾತಲ್ಲ. ಸಾಲ ಮಂಜೂರಾಯಿತು, ಕಂತುಗಳೂ ತಪ್ಪದೆ ಬಂದುವು. ಟಿಪ್ಪಣಿಯ ಕೆಳಗೆ ನನ್ನ ಸಹಿಯೂ ಇದೆ. ನಮಗೆ ಕೊಟ್ಟ ಲೆಕ್ಕವೇ ನಿಜವಾಗಿತ್ತೆಂದು ಆ ಕಂತುಗಳು ಸಾಕ್ಷಿ ಹೇಳುತ್ತವೆ. ಹಾಗಾದರೆ ಬಾನ್‌ಗೆ ಹೋದ ಲೆಕ್ಕದ ಗತಿಯೇನು ಎಂಬ ಪ್ರಶ್ನೆಯು ಅಂದಿನಿಂದ ನನ್ನನ್ನು ಬಿಟ್ಟಿಲ್ಲ. ಈ ಲೇಖನಕ್ಕೆ ಪ್ರೇರಣೆಯೂ ಅದೇ.

೬

ನಾನು ಕಂಡುದು ಒಂದು ಬಿಡಿ ಪ್ರಸಂಗವೆಂದು ಬಹುಕಾಲ ಸಮಾಧಾನ ಹೇಳಿಕೊಂಡಿದ್ದೆ. ವಿದ್ವಾಂಸರ ಪರಿಶೀಲನೆಗಳು ಆ ಸಮಾಧಾನವನ್ನು ಉಳಿಸಲಿಲ್ಲ. ಜರ್ಮನಿಯ ಓಕೋ ಸಂಸ್ಥೆಯ ಲ್ಯಾಂಬರ್ಟ್ ಷ್ನೈಡರ್ ಅವರು ೨೦೦೭ರಲ್ಲಿ ನಡೆಸಿದ ಅಧ್ಯಯನದಂತೆ, ಅಂದು ನೋಂದಾಯಿತವಾಗಿದ್ದ ಯೋಜನೆಗಳಲ್ಲಿ ನೂರಕ್ಕೆ ನಲವತ್ತರಷ್ಟರ ಹೆಚ್ಚುವರಿತನವು ಸಂದೇಹಾಸ್ಪದ. ಅದೇ ಸಂಸ್ಥೆಯು ಯೂರೋಪಿನ ಆಯೋಗಕ್ಕಾಗಿ ೨೦೧೬ರಲ್ಲಿ ಸಿದ್ಧಪಡಿಸಿದ ವರದಿಯು ಇನ್ನೂ ಕಠಿನವಾದುದು: ಪರಿಶೀಲಿಸಿದ ಯೋಜನೆಗಳಲ್ಲಿ ನೂರಕ್ಕೆ ಎಂಬತ್ತೈದು, ಹೊಗೆಯನ್ನು ನಿಜವಾಗಿ ಹೆಚ್ಚುವರಿಯಾಗಿ ಕಡಿಮೆ ಮಾಡಿರುವ ಸಂಭವ ಅಲ್ಪ.

ಈ ವ್ಯವಸ್ಥೆಯ ದೋಷವು ಅತ್ಯಂತ ಸ್ಪಷ್ಟವಾಗಿ ಕಂಡುದು ಸಕ್ಕರೆಯಲ್ಲಿ ಅಲ್ಲ, ಶೈತ್ಯಾನಿಲದಲ್ಲಿ. ತಂಪುಪೆಟ್ಟಿಗೆ ಮುಂತಾದವಕ್ಕೆ ಬೇಕಾದ ಎಚ್‌ಸಿಎಫ್‌ಸಿ-೨೨ ಎಂಬ ಅನಿಲವನ್ನು ತಯಾರಿಸುವಾಗ ಎಚ್‌ಎಫ್‌ಸಿ-೨೩ ಎಂಬ ಇನ್ನೊಂದು ಅನಿಲವು ಕಸವಾಗಿ ಹುಟ್ಟುತ್ತದೆ. ಇದರ ಒಂದು ಟನ್ನು, ಅಂದಿನ ಕೋಷ್ಟಕದಂತೆ, ೧೧,೭೦೦ ಟನ್ನು ಇಂಗಾಲದ ಡೈಆಕ್ಸೈಡಿಗೆ ಸಮ. ಅದನ್ನು ಒಂದು ಕುಲುಮೆಯಲ್ಲಿ ಸುಟ್ಟರೆ ೧೧,೭೦೦ ಜಮೆ. ಬಾಗೇಪಲ್ಲಿಯ ೫,೫೦೦ ಮನೆಗಳು ಒಂದು ವರ್ಷವೆಲ್ಲ ಒಲೆ ಉರಿಸಿ ಗಳಿಸುವ ಜಮೆಯನ್ನು ಇಂತಹ ಕಾರ್ಖಾನೆಯು ಎರಡು ಟನ್ನಿಗಿಂತ ಕಡಿಮೆ ಕಸವನ್ನು ಸುಟ್ಟು ಗಳಿಸಬಹುದಾಗಿತ್ತು! ಗುಜರಾತಿನ ರಂಜಿತನಗರದ ಯೋಜನೆಯು ೨೦೦೫ರ ಮಾರ್ಚಿಯಲ್ಲಿ ನೋಂದಾಯಿತವಾಯಿತು. ಜಗತ್ತಿನಲ್ಲಿ ಇಂತಹವು ಹತ್ತೊಂಬತ್ತೇ. ೨೦೧೦ರ ಸುಮಾರಿಗೆ ಹೊರಟಿದ್ದ ಜಮೆಗಳಲ್ಲಿ ಅರ್ಧದಷ್ಟು ಈ ಬೆರಳೆಣಿಕೆಯ ಕಾರ್ಖಾನೆಗಳವು. ಸ್ಟ್ಯಾನ್‌ಫರ್ಡಿನ ಮೈಕೇಲ್ ವಾರಾ ಅವರು ೨೦೦೭ರಲ್ಲಿ ‘ನೇಚರ್’ ಪತ್ರಿಕೆಯಲ್ಲಿ ಬರೆದ ಲೇಖನದಲ್ಲಿ, ಸುಮಾರು ಹತ್ತು ಕೋಟಿ ಯೂರೋ ವೆಚ್ಚದಲ್ಲಿ ಆಗಬಹುದಾದ ಕೆಲಸಕ್ಕೆ ಪೇಟೆಯು ೪೭೦ ಕೋಟಿ ಯೂರೋ ತೆರಲಿರುವುದೆಂದು ಲೆಕ್ಕ ಹಾಕಿ ತೋರಿಸಿದರು.

ಕಸವು ಮಾಲಿಗಿಂತ ಬೆಲೆಯುಳ್ಳದ್ದಾದರೆ, ಕಸಕ್ಕಾಗಿ ಮಾಲನ್ನು ತಯಾರಿಸುವ ಆಸೆ ಹುಟ್ಟುವುದು ಸಹಜ. ಕೆಲವು ಕಾರ್ಖಾನೆಗಳು ಜಮೆಗಾಗಿಯೇ ಉತ್ಪಾದನೆಯನ್ನು ಹೊಂದಿಸುತ್ತಿವೆಯೆಂಬ ಆಕ್ಷೇಪಣೆಯು ೨೦೧೦ರಲ್ಲಿ ಕಾರ್ಯಕಾರಿ ಮಂಡಲಿಯ ಮುಂದೆ ಬಂದಿತು. ೨೦೧೩ರ ಮೇ ತಿಂಗಳಿನಿಂದ ಯೂರೋಪು ಈ ಬಗೆಯ ಜಮೆಗಳನ್ನು ಒಪ್ಪುವುದನ್ನು ನಿಲ್ಲಿಸಿತು. ಚೀನವು ಈ ಅನಿಲದ ಜಮೆಯ ಆದಾಯದಲ್ಲಿ ನೂರಕ್ಕೆ ಅರವತ್ತೈದನ್ನು ಸರ್ಕಾರದ ಪಾಲಾಗಿ ಮುಂಚೆಯೇ ಹಿಡಿದುಕೊಂಡಿತ್ತು. ನಮ್ಮಲ್ಲಿ ಅದು ಬಹುಮಟ್ಟಿಗೆ ಕಂಪೆನಿಗಳಿಗೇ ಉಳಿಯಿತು. ಕೊನೆಗೆ ೨೦೧೬ರ ಅಕ್ಟೋಬರಿನಲ್ಲಿ, ರುವಾಂಡಾ ದೇಶದ ಕಿಗಾಲಿಯಲ್ಲಿ ಅಂತರರಾಷ್ಟ್ರೀಯ ಸಭೆ ನಡೆದಾಗ, ತಯಾರಕರು ಈ ಅನಿಲವನ್ನು ತಮ್ಮ ಖರ್ಚಿನಲ್ಲಿಯೇ ಸುಡಬೇಕೆಂದು ಭಾರತ ಸರ್ಕಾರವು ಆಜ್ಞೆ ಮಾಡಿತು. ಹಲವು ವರ್ಷ ಪೇಟೆಯು ಬಹು ದುಬಾರಿಯಾಗಿ ಮಾಡಿದ ಕೆಲಸವು ಒಂದು ಸರ್ಕಾರಿ ಆಜ್ಞೆಯಿಂದ ಆಯಿತೆಂಬುದು ಚಿಂತನೀಯ.

೭

ಲೆಕ್ಕದ ಪ್ರಶ್ನೆ ಇಂತಾದರೆ, ಒಡೆತನದ ಪ್ರಶ್ನೆ ಇನ್ನೊಂದು. ಕಸವು ಯಾರದು? ಇದಕ್ಕೆ ದೆಹಲಿಯ ನಿದರ್ಶನವು ಬೋಧಪ್ರದವಾಗಿದೆ. ಅಲ್ಲಿಯ ತಿಮಾರ್‌ಪುರದಲ್ಲಿ ೧೯೮೭ರಲ್ಲಿ ಡೆನ್ಮಾರ್ಕಿನ ನೆರವಿನಿಂದ ದಿನಕ್ಕೆ ೩೦೦ ಟನ್ನು ಊರ ಕಸವನ್ನು ಸುಟ್ಟು ವಿದ್ಯುತ್ತು ಮಾಡುವ ಆಗಾರವೊಂದನ್ನು ಕಟ್ಟಿದರು. ಯೂರೋಪಿನ ಕಸದಲ್ಲಿ ಕಾಗದ, ಪ್ಲಾಸ್ಟಿಕ್ಕು ಹೆಚ್ಚು. ನಮ್ಮ ಕಸದಲ್ಲಿ ತರಕಾರಿಯ ಸಿಪ್ಪೆ, ಮಣ್ಣು, ತೇವ ಹೆಚ್ಚು. ಉರಿಯತಕ್ಕ ಕಾಗದವನ್ನೂ ಪ್ಲಾಸ್ಟಿಕ್ಕನ್ನೂ ಚಿಂದಿ ಆಯುವವರು ಮೊದಲೇ ಆಯ್ದು ಒಯ್ದಿರುತ್ತಾರೆ. ಉಳಿದುದು ಹತ್ತಿಕೊಳ್ಳಲಿಲ್ಲ, ಆಗಾರವು ಕೆಲವೇ ವಾರಗಳಲ್ಲಿ ನಿಂತುಹೋಯಿತು.

ಇಪ್ಪತ್ತು ವರ್ಷಗಳ ತರುವಾಯ, ೨೦೦೭ರಲ್ಲಿ, ತಿಮಾರ್‌ಪುರ ಮತ್ತು ಓಖ್ಲಾಗಳ ಹೊಸ ಯೋಜನೆಯು ಇಂಗಾಲದ ಜಮೆಗಾಗಿ ನೋಂದಾಯಿತವಾಯಿತು. ೨೦೧೨ರಲ್ಲಿ ಓಖ್ಲಾದ ಆಗಾರವು ಕೆಲಸಕ್ಕೆ ತೊಡಗಿತು. ಪಕ್ಕದ ಬಡಾವಣೆಗಳ ನಿವಾಸಿಗಳು ಹೊಗೆ, ಬೂದಿಗಳ ವಿರುದ್ಧ ನ್ಯಾಯಾಲಯಕ್ಕೆ ಹೋದರು. ಹಸಿರು ನ್ಯಾಯಮಂಡಳಿಯು ೨೦೧೭ರಲ್ಲಿ ೨೫ ಲಕ್ಷ ರೂಪಾಯಿಗಳ ಪರಿಹಾರ ವಿಧಿಸಿ, ಆಗಾರ ನಡೆಯಲು ಅನುಮತಿಯಿತ್ತಿತು. ಚಿಂದಿ ಆಯುವವರ ಸಂಘಟನೆಗಳ ದೂರು ಬೇರೆಯಾಗಿತ್ತು. ತಾವು ಆಯ್ದ ಕಾಗದ ಮತ್ತೆ ಕಾಗದವಾಗುತ್ತದೆ, ಪ್ಲಾಸ್ಟಿಕ್ಕು ಮತ್ತೆ ಪ್ಲಾಸ್ಟಿಕ್ಕಾಗುತ್ತದೆ. ಹೊಗೆಯನ್ನು ನಿಜವಾಗಿ ತಪ್ಪಿಸುವವರು ತಾವು. ಆದರೆ ಜಮೆಯಾದರೋ ಸುಡುವವನ ಹೆಸರಿಗೆ ಎಂಬುದು ಅವರ ವಾದ. ಇದರಲ್ಲಿ ಸತ್ಯಾಂಶವಿಲ್ಲವೆಂದು ಹೇಳುವುದು ಕಷ್ಟ. ಆಧಾರಸ್ಥಿತಿಯ ಕೋಷ್ಟಕದಲ್ಲಿ ಕಲ್ಲಿದ್ದಲಿಗೆ ಒಂದು ಅಂಕಣವಿತ್ತು, ಮೀಥೇನಿಗೆ ಒಂದು ಅಂಕಣವಿತ್ತು. ಗೋಣಿಚೀಲ ಹೊತ್ತು ಬೆಳಗಿನ ಜಾವ ಬೀದಿಗಿಳಿಯುವ ಮನುಷ್ಯನಿಗೆ ಅಂಕಣವಿರಲಿಲ್ಲ. ಸಕ್ಕರೆಯ ಸೀಮೆಯಲ್ಲಿಯೂ ಇದೇ ಪ್ರಶ್ನೆಯನ್ನು ಕೇಳಬಹುದು. ರೈತನು ಕಬ್ಬನ್ನು ತೂಕದ ಮೇಲೆ ಮಾರುವನು. ಆ ತೂಕದಲ್ಲಿ ಸಿಪ್ಪೆಯೂ ಸೇರಿದೆ. ಸಿಪ್ಪೆಯಿಂದ ಹುಟ್ಟಿದ ವಿದ್ಯುತ್ತು, ವಿದ್ಯುತ್ತಿನಿಂದ ಹುಟ್ಟಿದ ಜಮೆ, ಇವುಗಳಲ್ಲಿ ಬೆಳೆದವನ ಪಾಲೆಷ್ಟು ಎಂಬುದನ್ನು ಈ ವ್ಯವಸ್ಥೆಯ ನಿಯಮಗಳು ಕೇಳಲೇ ಇಲ್ಲ.

೮

ಪೇಟೆಯ ಪತನವನ್ನು ಚುಟುಕಾಗಿ ಹೇಳಬಹುದು. ೨೦೦೮ರ ಬೇಸಗೆಯಲ್ಲಿ ಇಪ್ಪತ್ತು ಯೂರೋ ದಾಟಿದ್ದ ಜಮೆಯ ಬೆಲೆ, ಅದೇ ವರ್ಷದ ಆರ್ಥಿಕ ಬಿಕ್ಕಟ್ಟಿನಿಂದ ಇಳಿಯಲಾರಂಭಿಸಿತು. ಯೂರೋಪಿನ ಕಾರ್ಖಾನೆಗಳು ಮಂದವಾದಾಗ ಹೊಗೆಯೂ ಕಡಿಮೆಯಾಗಿ ಕೊಳ್ಳುವ ಅಗತ್ಯವೇ ತಗ್ಗಿತು; ಜಮೆಗಳ ಪೂರೈಕೆಯಾದರೋ ಏರುತ್ತಲೇ ಹೋಯಿತು. ೨೦೧೨ರ ಕೊನೆಗೆ ಬೆಲೆಯು ಒಂದು ಯೂರೋಗಿಂತಲೂ ಕೆಳಗಿತ್ತು. ೨೦೧೩ರಿಂದ ಹೊಸ ಯೋಜನೆಗಳ ಪೈಕಿ ತೀರ ಹಿಂದುಳಿದ ದೇಶಗಳವನ್ನು ಮಾತ್ರ ಯೂರೋಪು ಒಪ್ಪತೊಡಗಿತು. ಪರಿಶೋಧನೆಯ ಶುಲ್ಕಕ್ಕೂ ಸಾಲದ ಬೆಲೆಗೆ ಜಮೆಗಳನ್ನು ಪಡೆಯುವ ಗೋಜಿಗೆ ಅನೇಕರು ಹೋಗಲಿಲ್ಲ. ಗಮನಿಸಬೇಕಾದ ಸಂಗತಿ ಇದು: ಜಮೆಯ ಪೇಟೆ ಮುಚ್ಚಿದ ಮೇಲೆಯೂ ಸಕ್ಕರೆಯ ಕಾರ್ಖಾನೆಗಳ ಬಾಯ್ಲರುಗಳು ಉರಿಯುತ್ತಲೇ ಇದ್ದುವು. ಜಮೆಯಿಲ್ಲದೆ ಆಗದೆಂದು ಬರೆದುಕೊಟ್ಟಿದ್ದ ಕೆಲಸಗಳಲ್ಲಿ ಎಷ್ಟೋ ಜಮೆಯಿಲ್ಲದೆಯೇ ನಡೆದುವು. ಬಂಡವಾಳ ಹೂಡಿಯಾಗಿತ್ತು, ನಿಜ. ಆದರೆ ನನ್ನ ಹಳೆಯ ಪ್ರಶ್ನೆಗೆ ಅರ್ಧ ಉತ್ತರವು ಇದರಲ್ಲಿದೆ.

ಹಾಗೆಂದು ಈ ವ್ಯವಸ್ಥೆಯನ್ನು ಸಾರಾಸಗಟಾಗಿ ಹಳಿಯುವುದು ನ್ಯಾಯವಾಗದು. ಕಸವನ್ನು ಅಳೆಯುವ ಅಭ್ಯಾಸವು ನಮ್ಮ ಕಾರ್ಖಾನೆಗಳಿಗೆ ಬಹುಮಟ್ಟಿಗೆ ಬಂದುದು ಇದರಿಂದ. ನಮ್ಮ ವಿದ್ಯುಜ್ಜಾಲದ ಪ್ರತಿಯೊಂದು ಯೂನಿಟ್ಟಿಗೆ ಎಷ್ಟು ಇಂಗಾಲವೆಂಬ ಅಧಿಕೃತ ಅಂಕಿಅಂಶವನ್ನು ಕೇಂದ್ರ ವಿದ್ಯುತ್ ಪ್ರಾಧಿಕಾರವು ಪ್ರಕಟಿಸತೊಡಗಿದುದು ಇದರ ನಿಮಿತ್ತದಿಂದ. ಬಾಗೇಪಲ್ಲಿ, ಮಳವಳ್ಳಿಗಳಂತಹ ಕಡೆ ಹಣವು ಸರಿಯಾದ ಕೈಗಳ ಸಮೀಪಕ್ಕಾದರೂ ತಲುಪಿತು.

ಈ ಅಧ್ಯಾಯ ಮುಗಿಯಿತೆಂದು ತಿಳಿಯುವಂತೆಯೂ ಇಲ್ಲ. ೨೦೧೫ರ ಪ್ಯಾರಿಸ್ ಒಪ್ಪಂದದ ಆರನೆಯ ವಿಧಿಯು ಹೊಸ ಪೇಟೆಗೆ ಅಡಿಗಲ್ಲಿಟ್ಟಿತು. ೨೦೨೧ರಲ್ಲಿ ಗ್ಲಾಸ್ಗೋ ನಗರದಲ್ಲಿ ಅದರ ನಿಯಮಗಳು ರಚಿತವಾಗಿ, ೨೦೧೩ ಹಾಗೂ ಅನಂತರ ನೋಂದಾಯಿತವಾದ ಯೋಜನೆಗಳ ಹಳೆಯ ಜಮೆಗಳಿಗೂ ಷರತ್ತಿನ ಮೇಲೆ ಪ್ರವೇಶ ದೊರೆಯಿತು. ನಮ್ಮ ದೇಶವು ೨೦೨೨ರಲ್ಲಿ ಇಂಧನ ಸಂರಕ್ಷಣೆಯ ಕಾನೂನನ್ನು ತಿದ್ದಿ, ೨೦೨೩ರ ಜೂನಿನಲ್ಲಿ ತನ್ನದೇ ಆದ ಇಂಗಾಲದ ಜಮೆಯ ವಿನಿಮಯ ಯೋಜನೆಯನ್ನು ಘೋಷಿಸಿತು. ೨೦೨೫ರಲ್ಲಿ ಅಲ್ಯುಮಿನಿಯಮ್, ಸಿಮೆಂಟು ಮುಂತಾದ ಕೈಗಾರಿಕೆಗಳಿಗೆ ಗುರಿಗಳೂ ನಿಗದಿಯಾದುವು. ಹೊಸ ಪುಸ್ತಕವನ್ನು ತೆರೆದಿದ್ದೇವೆ. ಹಳೆಯ ಪುಸ್ತಕದ ತಪ್ಪುಗಳನ್ನು ಮೊದಲ ಪುಟದಲ್ಲಿಯೇ ಮುಂದಕ್ಕೆ ತರಬಾರದು.

ಅದಕ್ಕೆ ಬೇಕಾದ ಸುಧಾರಣೆಗಳು ನನ್ನ ಅಲ್ಪ ಅನುಭವಕ್ಕೆ ತೋಚಿದಂತೆ ಮೂರು. ಮೊದಲನೆಯದಾಗಿ, ಸಾಲಗಾರನು ಬ್ಯಾಂಕಿಗೆ ಕೊಟ್ಟ ಯೋಜನಾ ವರದಿಯನ್ನೇ ಜಮೆಯ ಪರಿಶೋಧಕನ ಮುಂದೆಯೂ ಇಡತಕ್ಕದ್ದು. ಒಂದು ಸಿಪ್ಪೆಗೆ ಒಂದೇ ಬೆಲೆ. ಎರಡನೆಯದಾಗಿ, ಆಜ್ಞೆಯಿಂದ ಅಗ್ಗವಾಗಿ ಆಗುವ ಕೆಲಸವನ್ನು ಪೇಟೆಗೆ ಬಿಡಬಾರದು. ಮೂರನೆಯದಾಗಿ, ಕಸವನ್ನು ಬೆಳೆದವನಿಗೂ ಆಯ್ದವನಿಗೂ ಲೆಕ್ಕದಲ್ಲಿ ಒಂದು ಅಂಕಣವಿರಬೇಕು.

ಆಲೆಮನೆಯ ಒಡೆಯನು ರಚ್ಚನ್ನು ಒಲೆಗೆ ಹಾಕಿದಾಗ ಉಳಿದುದೆಷ್ಟು ಎಂದು ಬರೆದಿಡಲಿಲ್ಲ. ಆದರೆ ಉಳಿದುದು ನಿಜವಾಗಿ ಉಳಿದಿತ್ತು. ನಾವು ಬರೆದಿಟ್ಟೆವು, ಬರೆದುದೆಲ್ಲ ಉಳಿದಿತ್ತೆ ಎಂಬುದೇ ಪ್ರಶ್ನೆ. ೨೦೦೮ರ ಆ ಟಿಪ್ಪಣಿಯ ಕೆಳಗಣ ನನ್ನ ಸಹಿಯನ್ನು ಅಳಿಸಲಾರೆ. ಎರಡನೆಯ ಲೆಕ್ಕವೂ ನಮ್ಮ ಕೆಲಸವೇ ಆಗಿತ್ತೆಂಬ ಮಾತನ್ನಾದರೂ ಇಲ್ಲಿ ದಾಖಲಿಸಿ ವಿರಮಿಸುತ್ತೇನೆ.